ಬಿಸಿ ಬೊಂಡ, ನಾಲ್ಕು ಪ್ಲೇಟ್

ಬೆಳಿಗ್ಗೆ ಆಫೀಸಿಗೆ ಹೊರಟು ಕಾರಿನ ಬಾಗಿಲು ತೆಗೆದ್ನೋ ಇಲ್ವೋ, ಒಳಗಿಂದ ಒಂದು ವಾಸನೆ ಬಂದು ಕಾಲರ್ ಹಿಡ್ಕೊಳ್ತು. ಕರಾವಳಿಯಿಂದ ವಾಪಸ್ ಬಂದು ನಾಲ್ಕು ದಿನ ಆಯ್ತು, ಸಮುದ್ರ ಮಾತ್ರ ಇನ್ನೂ ನಮ್ಮ ಹಿಂದಿನ ಸೀಟಲ್ಲೇ ಕೂತಿದೆ. ಸೀಟಿನ ಕೆಳಗೆ ಒಣ ಬಂಗುಡೆ ಮೀನಿನ ಕವರ್ ಸಿಕ್ಕಿದ್ದು ಮೊನ್ನೆ. ತೆಗೆದು ಎಸೆದೆ, ಕಾರು ತೊಳೆಸಿದೆ, ಅಡುಗೆ ಸೋಡಾ ಉದುರಿಸಿದೆ, ನಿಂಬೆಹಣ್ಣು ಕೊಯ್ದು ಇಟ್ಟೆ, ಕರ್ಪೂರನೂ ಇಟ್ಟೆ. ಈಗ ಮೂರೂ ಸೇರ್ಕೊಂಡು ಯಾವುದೋ ಅಗರಬತ್ತಿ ಕಂಪನಿ ದಿವಾಳಿ ಎದ್ದಿರೋ ಹಾಗಿದೆ. ದಿನಾ ನನ್ನ ಜೊತೆ ಬರೋ ಕೊಲೀಗುಗಳಿಬ್ರು "ಇವತ್ತು ಮೆಟ್ರೋಲಿ ಹೋಗ್ತೀವಿ" ಅಂದ್ರು. ಕಾರಣ ಹೇಳ್ಲಿಲ್ಲ. ಮರ್ಯಾದಸ್ಥರು.

ಇದಕ್ಕೆಲ್ಲ ಮೂಲ ನಮ್ಮ ಬಾಮೈದ. "ಭಾವ, ಜುಲೈನಲ್ಲಿ ಉಡುಪಿ ಕಡೆ ರೂಮು ಅರ್ಧ ರೇಟಿಗೆ ಸಿಗ್ತಿದೆ, ಮೂರು ದಿನ ಬರೀ ಮೀನು ತಿನ್ನೋಣ" ಅಂದ. ಯಾಕಪ್ಪಾ ಅರ್ಧ ರೇಟು ಅಂತ ನಾನೂ ಕೇಳ್ಲಿಲ್ಲ, ಅವನೂ ಯೋಚಿಸ್ಲಿಲ್ಲ. ಶಿರಾಡಿ ಘಾಟೀಲಿ ವೈಪರ್ ಮುರಿಯೋವಷ್ಟು ಮಳೆ ತಿಂದು, ಮಲ್ಪೆ ಹತ್ರ ಒಂದು ಹೋಟೆಲಲ್ಲಿ ಕೂತು ಕಾಣೆ ಮೀನಿನ ರವಾ ಫ್ರೈ ಕೇಳಿದ್ರೆ ಸಪ್ಲೈಯರು ನಮ್ಮನ್ನ ಅಯ್ಯೋ ಪಾಪ ಅನ್ನೋ ಥರ ನೋಡಿದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೆಷಿನ್ ಬೋಟುಗಳು ಕಡಲಿಗೆ ಇಳಿಯೋ ಹಾಗೇ ಇಲ್ವಂತೆ, ಮೀನು ಮೊಟ್ಟೆ ಇಡೋ ಕಾಲ. ಬಂದರಲ್ಲಿ ಬೋಟೆಲ್ಲ ಮುಷ್ಕರದ ದಿನದ ಬಸ್ ಡಿಪೋ ಥರ ಒತ್ತಿಕೊಂಡು ನಿಂತಿದ್ವು. ನಾಡದೋಣಿಯವರು ತಂದ್ರೆ ಉಂಟು, ಇವತ್ತು ಗಾಳಿ ಜೋರು, ಅವರೂ ಹೋಗಿಲ್ಲ, ಅಂಜಲ್ ಉಂಟು ಆದ್ರೆ ಐಸಿನದ್ದು ಅಂದ. ಐಸಲ್ಲಿಟ್ಟ ಮೀನು ತಿನ್ನೋಕೆ ನಾನ್ನೂರು ಕಿಲೋಮೀಟರ್ ಯಾಕೆ, ನಮ್ಮ ಏರಿಯಾದಲ್ಲೇ ಸಿಗುತ್ತಲ್ಲ.

ಬಾಮೈದನಿಗೆ ಒಂದು ಚಟ ಇದೆ, ಎಲ್ಲಿ ಹೋದ್ರೂ "ಇಲ್ಲಿ ಏನ್ ಸ್ಪೆಷಲ್?" ಅಂತ ಕೇಳೋದು. ಕೇಳ್ಲಿ, ತಪ್ಪಿಲ್ಲ. ಆದ್ರೆ ಇವನು ಕೋರಿ ರೊಟ್ಟಿ ಅಂದ್ರೆ ಏನು, ರೊಟ್ಟಿ ಹಪ್ಪಳದ ಥರ ಯಾಕಿದೆ, ಸಾರಲ್ಲಿ ಎಷ್ಟೊತ್ತು ನೆನೆಸ್ಬೇಕು, ಮೂಡೆ ಯಾವ ಎಲೇಲಿ ಮಾಡ್ತೀರಿ, ಕೊಟ್ಟೆ ಕಡುಬಿಗೆ ಹಲಸಿನೆಲೇನೇ ಯಾಕೆ ಅಂತ ಆ ಹುಡುಗನ್ನ ಹತ್ತು ನಿಮಿಷ ನಿಲ್ಲಿಸ್ಕೊಂಡು ಕೊನೆಗೆ ಮೆನು ಮುಚ್ಚಿ "ಒಂದು ಗೋಬಿ ಮಂಚೂರಿ ಕೊಡಿ" ಅಂತಾನೆ. ಮೂರು ದಿನ, ದಿನಕ್ಕೆ ಮೂರು ಸಲ. ಅವನ ಇಂಟರ್‌ವ್ಯೂ, ಆಮೇಲೆ ಪ್ರತಿ ಪ್ಲೇಟಿನ ಫೋಟೋ ಮುಗಿಯೋ ಹೊತ್ತಿಗೆ ನನ್ನ ನೀರ್ ದೋಸೆ ತಣ್ಣಗಾಗಿ ಒದ್ದೆ ಕರ್ಚೀಫ್ ಥರ ಒಂದಕ್ಕೊಂದು ಅಂಟಿಕೊಂಡಿರ್ತಿತ್ತು.

ಎರಡನೇ ದಿನ ಕಾಪು ಲೈಟ್‌ಹೌಸ್ ನೋಡ್ಕೊಂಡು ಬರ್ತಾ ರಸ್ತೆ ಪಕ್ಕ ಒಂದು ಗೂಡಂಗಡಿ, ರಟ್ಟಿನ ಮೇಲೆ "ಬೊಂಡ ಇದೆ" ಅಂತ ಬರೆದಿದ್ರು. ಬಾಮೈದ ಕಾರು ನಿಲ್ಸು ನಿಲ್ಸು ಅಂತ ಕೂಗಾಡಿ, ಈ ಮಳೆಗೆ ಅದೇ ಬೇಕಾಗಿರೋದು ಅಂತ ನೆನ್ಕೊಂಡೇ ಓಡಿದ. ನಾನು ಗ್ಲಾಸ್ ಇಳಿಸಿ ಕೂತೆ.

"ನಾಲ್ಕು ಪ್ಲೇಟ್ ಬೊಂಡ. ಬಿಸಿ ಇರ್ಬೇಕು."

ಅಂಗಡಿಯವರು ಸ್ವಲ್ಪ ಹೊತ್ತು ಸುಮ್ನೆ ನಿಂತ್ರು. "ಬಿಸಿಯಾ?"

"ಹೂಂ, ಈಗ ತೆಗೆದಿದ್ದೇ ಕೊಡಿ."

"ನಿನ್ನೆ ತೆಗೆದದ್ದು ಮಾರಾಯ್ರೆ. ಮಳೆಗೆ ಯಾರು ಹತ್ತುದು?"

"ನಿನ್ನೇದಾ! ಹಳಸಿರಲ್ವಾ?"

"ವಾರ ಇಟ್ರೂ ಏನಾಗುದಿಲ್ಲ ಅದಕ್ಕೆ."

ಬಾಮೈದ ನಮ್ಮ ಕಡೆ ತಿರುಗಿ ಕಣ್ಣಲ್ಲೇ ಏನೋ ಹೇಳಿದ. ಆಮೇಲೆ ಧೈರ್ಯ ಮಾಡಿ, "ಒಳಗೆ ಏನಿರುತ್ತೆ, ಆಲೂಗಡ್ಡೆನಾ?"

"ಒಳಗೆ ನೀರು ಮಾರಾಯ್ರೆ!" ಅಂತ ಅವರು ಕತ್ತಿ ಎತ್ಕೊಂಡ್ರು. ನಮ್ಮ ಹುಡುಗ ಎರಡೇ ಹೆಜ್ಜೇಲಿ ಕಾರಿನ ಹತ್ರ ಬಂದು, "ಭಾವ, ಇವ್ರು ಬೋಂಡನ ಕತ್ತೀಲಿ ಕೊಯ್ತಾರೆ" ಅಂದ. ಹಿಂದಿಂದ ನನ್ನ ಹೆಂಡತಿ ನಕ್ಕು ನಕ್ಕು ಸೀಟಿಂದ ಜಾರಿದ್ಲು. ಅಲ್ಲಿ ಬೊಂಡ ಅಂದ್ರೆ ಎಳನೀರು ಕಣೋ ಅಂತ ಅರ್ಥ ಮಾಡಿಸೋ ಹೊತ್ತಿಗೆ ಅವರು ನಾಲ್ಕೂ ಕೊಚ್ಚಿ ಆಗಿತ್ತು. ಕಾರಲ್ಲಿ ಇದ್ದಿದ್ದು ಮೂರೇ ಜನ. ಸುರಿಯೋ ಮಳೇಲಿ ನಡುಗ್ತಾ ಎರಡೆರಡು ಎಳನೀರು ಕುಡಿಯೋ ಭಾಗ್ಯ ಯಾರಿಗೆ ಬಂತು ಅಂತ ಬೇರೆ ಹೇಳ್ಬೇಕಾಗಿಲ್ಲ, ಹೆಂಡತಿಗೆ ನೆಗಡಿ, ಬಾಮೈದನಿಗೆ ಮುಖಭಂಗ. ಅಷ್ಟಾಗಿಯೂ ಹೊರಡುವಾಗ ಕೇಳಿದ, "ಇಲ್ಲಿ ಏನ್ ಸ್ಪೆಷಲ್?"

ಗೋಳಿಬಜೆ ಸಿಕ್ತು, ಬಿಸಿ ಇತ್ತು, ಬಾಳೆಹಣ್ಣಿನ ಬನ್ಸೂ ತಿಂದ್ವಿ. ಹೋಮ್‌ಸ್ಟೇ ಅಮ್ಮ ಒಂದು ಸಂಜೆ ಪತ್ರೊಡೆ ಮಾಡಿದ್ರು, ಕೆಸುವಿನೆಲೆಗೆ ಹುಳಿ ಖಾರದ ಅಕ್ಕಿ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದ್ದು. ಹುಳಿ ಕಮ್ಮಿ ಆದ್ರೆ ಗಂಟಲು ತುರಿಸುತ್ತೆ ಅಂತ ಅವರು ಹೇಳಬಾರದಿತ್ತು. ಆರು ತುಂಡು ತಿಂದ ಬಾಮೈದ ರಾತ್ರಿ ಹನ್ನೊಂದರ ತನಕ ಕನ್ನಡಿ ಮುಂದೆ ನಾಲಿಗೆ ಚಾಚ್ಕೊಂಡು ನಿಂತಿದ್ದ.

ಕೊನೇ ರಾತ್ರಿ ಕರೆಂಟು ಹೋಗಿತ್ತು. ಅಮ್ಮ ಕುಚ್ಚಲಕ್ಕಿ ಗಂಜಿ, ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ, ಒಣ ಸಿಗಡಿ ಚಟ್ನಿ ತಂದಿಟ್ರು. ಬಾಮೈದ "ಯಾರಿಗೆ ಹುಷಾರಿಲ್ಲ?" ಅಂದ. ಅವನನ್ನ ಬೈಯೋ ಹಾಗಿಲ್ಲ, ನಮ್ಮ ತುಮಕೂರು ಕಡೆ ಗಂಜಿ ಕೊಡೋದೇ ಜ್ವರ ಬಂದಾಗ. ನಮ್ಮಜ್ಜಿ ಬಟ್ಟಲು ಕೆಳಗಿಟ್ಟು, ಸೆರಗಲ್ಲಿ ಕೈ ಒರೆಸ್ಕೊಂಡು, ಮೊದಲು ಹಣೆ ಮುಟ್ಟಿ ನೋಡ್ತಿದ್ಲು. ಅಜ್ಜಿ ಹೋಗಿ ಹನ್ನೊಂದು ವರ್ಷ ಆಯ್ತು. ಈ ಅಮ್ಮ ಬಟ್ಟಲು ಇಟ್ಟು ಬಗ್ಗಿದಾಗ ನಾನು ಯಾಕೋ ತಲೆ ಸ್ವಲ್ಪ ಮುಂದೆ ತಂದೆ. ಅವರು ಪಕ್ಕದಲ್ಲಿದ್ದ ಟಾರ್ಚ್ ತಗೊಂಡು ಹೋದ್ರು. ಹೊರಗೆ ಮಳೆ, ಅದರಾಚೆ ಕಡಲು, ಯಾವುದರ ಸದ್ದು ಯಾವುದು ಅಂತ ಗೊತ್ತಾಗ್ತಿರಲಿಲ್ಲ. ಆ ಮೂರು ದಿನದಲ್ಲಿ ನಾನು ಬಿಸಿಬಿಸಿಯಾಗಿ ತಿಂದ ಊಟ ಅದೊಂದೇ. ಯಾಕಂದ್ರೆ ಕತ್ತಲಲ್ಲಿ ಫೋಟೋ ಬರಲ್ಲ.

ಆ ಚಟ್ನಿ ಬಾಯಿಗಿಟ್ಟಿದ್ದೇ ತಡ, ಒಣಮೀನು ಎಲ್ಲಿ ಸಿಗುತ್ತೆ, ಎಷ್ಟು ದಿನ ಇಡ್ಬಹುದು, ಹೇಗೆ ಹುರೀಬೇಕು ಅಂತ ಬಾಮೈದನ ವಿಚಾರಣೆ ಶುರು. ಮಾರನೇ ದಿನ ಮಾರ್ಕೆಟ್ಟಿಗೆ ಹೋಗಿ ಬಂದ. "ಗಾಳಿ ಆಡದ ಹಾಗೆ ಪ್ಯಾಕ್ ಮಾಡಿಸಿದೀನಿ ಭಾವ" ಅಂದ.

ಇದನ್ನ ಬರೀತಿರೋವಾಗಲೇ ಅವನ ಫೋನ್ ಬಂತು. "ಬಂಗುಡೆ ಎಸೆದ್ರಂತೆ, ಅಕ್ಕ ಹೇಳಿದ್ಲು. ಹೋಗ್ಲಿ ಬಿಡಿ ಭಾವ, ಬೇಜಾರಿಲ್ಲ. ಸಿಗಡಿದಾದ್ರೂ ಇದೆಯಲ್ಲ?"

"ಯಾವ ಸಿಗಡಿದು?"

"ಅದೇ, ಸ್ಟೆಪ್ನಿ ಕೆಳಗಿಟ್ಟಿದ್ನಲ್ಲ."

ಸ್ಪ್ಯಾನರ್ ಹುಡುಕ್ತಿದೀನಿ.