ಪ್ರಥಮ ಪಿಯುಸಿ ಅಂಕ ಅಡ್ಡಿಯಲ್ಲ

ಮೊದಲ ವರ್ಷ ಅಂಕ ಕಡಿಮೆಯಾದರೆ ಎಂಬಿಬಿಎಸ್ ಆಸೆ ಬಿಡಬೇಕು ಎಂಬ ಧಾಟಿಯಲ್ಲಿ ಲೇಖನವೊಂದು ಬಂದಿದೆ. ಮಕ್ಕಳು ದಯವಿಟ್ಟು ಇದನ್ನು ನಂಬಬೇಡಿ. ಸೀಟು ಹಂಚಿಕೆಯಲ್ಲಿ ಪ್ರಥಮ ಪಿಯುಸಿ ಅಂಕ ಲೆಕ್ಕಕ್ಕೇ ಬರುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಪಾಸಾಗಿ, ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಇರಬೇಕು. ಆಮೇಲೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ರ‍್ಯಾಂಕೇ ಎಲ್ಲ. ಆದರೆ ನೀಟ್‌ನಲ್ಲಿ ಪ್ರಥಮ ವರ್ಷದ ಪಾಠವೂ ಇದೆ, ಬಿಟ್ಟುಹೋದದ್ದು ಅಲ್ಲಿ ಹೊಡೆಯುತ್ತದೆ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರ. ಹಿಂದೆ ಬಿದ್ದವರು ಎನ್‌ಸಿಇಆರ್‌ಟಿ ಪುಸ್ತಕ ಹಿಡಿದು ಜೀವಶಾಸ್ತ್ರದಿಂದಲೇ ಶುರು ಮಾಡಿ. ತಪ್ಪು ಉತ್ತರಕ್ಕೆ 1 ಅಂಕ ಕಳೆಯುತ್ತಾರೆ, ಸುಮ್ಮನೆ ಊಹಿಸಬೇಡಿ. ಕೊಡಗಿನ ನಾಪೋಕ್ಲು, ಭಾಗಮಂಡಲ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುತ್ತವೆ. ಹಳೆ ಪ್ರಶ್ನೆಪತ್ರಿಕೆಗಳನ್ನು ಜೂನ್‌ಗೆ ಮೊದಲೇ ಪ್ರಿಂಟ್ ತೆಗೆಸಿಡಿ.