ವಾಷಿಂಗ್ಟನ್ ಉಳಿಸಿದ್ದು ಸ್ಟೀವನ್ಸ್ ಕೋಟೆಯೇ?

ಪರ

ಕೋಟೆ ಎಂದರೆ ನಮಗೆ ನೆನಪಾಗುವುದು ಕಲ್ಲು. ವಾಷಿಂಗ್ಟನ್ನಿನ ಉತ್ತರದ ಅಂಚಿನ ಸ್ಟೀವನ್ಸ್ ಕೋಟೆ ಬಹುಪಾಲು ಮಣ್ಣಿನದು. ಕಂದಕ ತೋಡಿ, ತೆಗೆದ ಮಣ್ಣನ್ನೇ ದಿಬ್ಬ ಹಾಕಿ, ಅದರ ಸಂದಿನಲ್ಲಿ ಫಿರಂಗಿ ಇಟ್ಟರು. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ, 1861ರ ಜುಲೈನಲ್ಲಿ ವರ್ಜೀನಿಯದ ಬುಲ್ ರನ್‌ನಲ್ಲಿ ಸೋತು ಬಂದ ಮೇಲೆ, ರಾಜಧಾನಿ ಬಟಾಬಯಲಿನಲ್ಲಿದೆ ಎಂದು ಉತ್ತರದವರಿಗೆ ದಿಗಿಲಾಯಿತು. ಎಂಜಿನಿಯರ್ ಜಾನ್ ಬರ್ನಾರ್ಡ್ ಮೇಲ್ವಿಚಾರಣೆಯಲ್ಲಿ ಊರಿನ ಸುತ್ತ ಎದ್ದ 68 ಕೋಟೆಗಳಲ್ಲಿ ಇದೂ ಒಂದು.

ಮೂರು ವರ್ಷ ಅದಕ್ಕೆ ಕೆಲಸವೇ ಇರಲಿಲ್ಲ. 1864ರ ಜುಲೈ 11ರ ಮಧ್ಯಾಹ್ನ ದಕ್ಷಿಣದ ಜನರಲ್ ಜೂಬಲ್ ಅರ್ಲಿ ದಂಡಿನೊಂದಿಗೆ ಎದುರು ಬಂದು ನಿಂತ. ಸಂಸತ್ ಭವನವಾದ ಕಾಪಿಟಲ್‌ನ ಗುಮ್ಮಟ ದೂರದಲ್ಲಿ ಕಾಣುತ್ತಿತ್ತು. ಕಾವಲಿಗಿದ್ದವರಾದರೋ ಗಾಯ ಮಾಗುತ್ತಿದ್ದವರು, ನೂರು ದಿನದ ಮಟ್ಟಿಗೆ ಪಡೆಗೆ ಸೇರಿದವರು, ಕಚೇರಿಯಿಂದ ಎಬ್ಬಿಸಿ ತಂದ ಗುಮಾಸ್ತರು. ಅರ್ಲಿಗೆ ಕಂಡದ್ದು ಅವರಲ್ಲ, ಫಿರಂಗಿಗಳ ಬಾಯಿ. ಬಿಸಿಲಲ್ಲಿ ನಡೆದು ಬಸವಳಿದಿದ್ದ ಪಡೆಯನ್ನು ಅದರ ಮೇಲೆ ನುಗ್ಗಿಸಲು ಹಿಂದೆಮುಂದೆ ನೋಡಿದ. ಅಷ್ಟರಲ್ಲಿ ವರ್ಜೀನಿಯದ ಪೀಟರ್ಸ್‌ಬರ್ಗ್ ಕಡೆಯಿಂದ ಹಡಗಿನಲ್ಲಿ ಬಂದಿಳಿದ ಉತ್ತರದ ದೊಡ್ಡ ಸೇನಾದಳ, 6ನೇ ಕೋರ್, ಕೋಟೆ ಮುಟ್ಟಿತು. ಆ ಅರ್ಧ ದಿನ ಗಳಿಸಿಕೊಟ್ಟದ್ದು ಮಣ್ಣಿನ ದಿಬ್ಬವೇ.

ವಿರೋಧ

ಕಾವಲಿಗೆ ಗುಮಾಸ್ತರು ಬಂದದ್ದೇಕೆ? ಫಿರಂಗಿ ಹೊಡೆಯಬಲ್ಲವರನ್ನು ಉತ್ತರದ ಸೇನಾಧಿಪತಿ ಗ್ರಾಂಟ್ ಆ ಬೇಸಿಗೆಯಲ್ಲಿ ವರ್ಜೀನಿಯದ ಯುದ್ಧಕ್ಕೆ ಸೆಳೆದುಕೊಂಡಿದ್ದ. ಅರ್ಲಿ ಒಂದು ದಿನ ಮೊದಲೇ ಬಂದಿದ್ದರೆ 6ನೇ ಕೋರ್ ಇನ್ನೂ ನೀರಿನ ಮೇಲೇ ಇರುತ್ತಿತ್ತು. ಅವನನ್ನು ತಡೆದದ್ದು ಮೊನಾಕಸಿ ನದಿ ದಡದಲ್ಲಿ, ಜುಲೈ 9ರಂದು. ಅಲ್ಲಿ ಉತ್ತರದ ಜನರಲ್ ಲ್ಯೂ ವಾಲೇಸ್ ಬಳಿ ಆರು ಸಾವಿರ ಮಂದಿಯೂ ಇರಲಿಲ್ಲ. ಸೋತರು, ನಿಜ; ಆದರೆ ದಿನವಿಡೀ ಕಾದಾಡಿ ಸೋತರು.

ಜನ ಈ ಕೋಟೆಯನ್ನು ನೆನೆಯುವುದು ಲಿಂಕನ್ ದೆಸೆಯಿಂದ. ಜುಲೈ 12ರಂದು ದಿಬ್ಬದ ಮೇಲೆ ನಿಂತು ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಸೇನಾ ವೈದ್ಯನಿಗೆ ಗುಂಡು ತಗುಲಿತು. ಅಧ್ಯಕ್ಷರನ್ನು ಗದರಿ ಕೆಳಗಿಳಿಸಿದ್ದು ಇಂಥವರೇ ಎಂದು ಆಮೇಲೆ ಹುಟ್ಟಿದ ಕಥೆಗಳು ಒಂದೆರಡಲ್ಲ!

ಮಣ್ಣು ಮಣ್ಣು ಎನ್ನುತ್ತೀರಲ್ಲ, ಆ ಮಣ್ಣು ಯಾರದು? ಎಲಿಜಬೆತ್ ಥಾಮಸ್ ಎಂಬ ಸ್ವತಂತ್ರ ಕಪ್ಪು ಮಹಿಳೆಯದು. ಕೋಟೆ ಹಿಗ್ಗಿಸಲು ಸೈನಿಕರು ಆಕೆಯ ಮನೆ ಕೆಡವಿದರು. ಕೂಸನ್ನು ಎತ್ತಿಕೊಂಡು ಮರದಡಿ ಅಳುತ್ತಾ ಕೂತಿದ್ದಾಗ, ಕಪ್ಪು ಬಟ್ಟೆ ತೊಟ್ಟ ಎತ್ತರದ ಮನುಷ್ಯನೊಬ್ಬ ಬಂದು ಸಮಾಧಾನ ಹೇಳಿದ. ಅವನು ಲಿಂಕನ್ನೇ ಎಂದು ಆಕೆ ಮುದಿವಯಸ್ಸಿನಲ್ಲೂ ಹೇಳುತ್ತಿದ್ದಳು.