ಜಗಳ ದೊಡ್ಡವರದು, ಎಫ್‌ಐಆರ್‌ನಲ್ಲಿ ಹೆಸರು ಹುಡುಗರದು

ಬದುವಿನ ಜಗಳ, ಬೋರ್‌ವೆಲ್ ನೀರಿನ ಜಗಳ ಅಂತ ಸ್ಟೇಷನ್ನಿಗೆ ಹೋದಾಗ ಎದುರು ಮನೆಯ ಓದುವ ಹುಡುಗರ ಹೆಸರನ್ನೂ ಕಂಪ್ಲೇಂಟಿಗೆ ಸೇರಿಸುವ ಚಾಳಿ ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ನಿಲ್ಲಬೇಕು. ಕೇಸ್ ಮೈಮೇಲಿದ್ದರೆ ಸೇನೆಯಂಥ ಕೆಲಸ ಸಿಗುವುದು ಕಷ್ಟ, ಇದರಿಂದ ಹುಡುಗರ ಬದುಕು ಹಾಳಾಗುತ್ತಿದೆ.

ನಮ್ಮೂರಲ್ಲಿ ಒಬ್ಬ ಹುಡುಗ ಇದ್ದಾನೆ. ಪಿಯುಸಿ ಆಗಿದೆ. ಹಗಲು ಟೊಮೆಟೊ ಕ್ರೇಟ್ ಹೊರುತ್ತಾನೆ. ನಸುಕಿನಲ್ಲಿ ಟಾರ್ ರೋಡಿನಲ್ಲಿ ಓಡುತ್ತಾನೆ. ಸೇನೆ ಭರ್ತಿಗೆ ಬೇಕಾದ 1.6 ಕಿ.ಮೀ. ಓಟ, ಪುಲ್‌ಅಪ್ಸ್, ಒಂಬತ್ತು ಅಡಿ ಹಳ್ಳ ಹಾರುವುದು, ಎಲ್ಲದಕ್ಕೂ ತಾನೇ ತಯಾರಿ ಮಾಡಿಕೊಂಡ. ಹಳ್ಳವನ್ನೂ ಸ್ನೇಹಿತರ ಜೊತೆ ಸೇರಿ ಕೆರೆ ಅಂಗಳದಲ್ಲಿ ತಾನೇ ಅಗೆದ. ಅಷ್ಟರಲ್ಲಿ ಅವನ ದೊಡ್ಡಪ್ಪನಿಗೂ ಪಕ್ಕದ ಹೊಲದವರಿಗೂ ಹೊಡೆದಾಟ ಆಯಿತು. ಟೀ ಅಂಗಡಿ ಬೆಂಚಿನ ಮೇಲೆ ಕೂತು ದೂರು ಬರೆಯುವಾಗ ಒಬ್ಬರು ಅಂದರು: "ಅವನದೂ ಬರಿಯಣ್ಣ, ಮಿಲ್ಟ್ರಿಗೆ ಹೋಗ್ತಾನಂತೆ, ಹೆಂಗೆ ಹೋಗ್ತಾನೋ ನೋಡೇಬಿಡಾಣ." ನಾನು ಬೇಡ ಅಂದೆ. ಯಾರೂ ಕೇಳಲಿಲ್ಲ. ಗಲಾಟೆ ನಡೆದಾಗ ಊರಲ್ಲೇ ಇಲ್ಲದ ಹುಡುಗ ನಾಲ್ಕನೇ ಆರೋಪಿ ಆದ. ಹುಡುಗನ ಕಡೆಯವರೂ ಸುಮ್ನೆ ಇರಲಿಲ್ಲ, ಕೌಂಟರ್ ಕೇಸ್ ಹಾಕಿ ಎದುರು ಮನೆಯ ಡಿಗ್ರಿ ಓದುವ ಹುಡುಗನನ್ನು ಎಳೆದರು. ಅದೂ ಅಷ್ಟೇ ತಪ್ಪು.

2022ರ ಜೂನ್‌ನಲ್ಲಿ ಸೇನೆಗೆ ಹುಡುಗರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದಾಗ ವಯಸ್ಸು ಹದಿನೇಳೂವರೆಯಿಂದ 21 ಅಂತ ಇಟ್ಟರು. ಆ ವರ್ಷಕ್ಕೆ ಮಾತ್ರ 23 ಮಾಡಿದರು. ಹುಡುಗನ ಕೈಯಲ್ಲಿ ಇರುವುದೇ ಮೂರ್ನಾಲ್ಕು ವರ್ಷ. ನಮ್ಮ ಕೋರ್ಟಿನಲ್ಲಿ ಒಂದು ಹೊಡೆದಾಟದ ಕೇಸ್ ವಾಯಿದೆ ಮೇಲೆ ವಾಯಿದೆ ಬಿದ್ದು ಮುಗಿಯುವುದಕ್ಕೆ ಅಷ್ಟು ಸಾಕಾಗುತ್ತದಾ? ಕೊನೆಗೆ ಖುಲಾಸೆ ಆದರೂ ವಯಸ್ಸು ವಾಪಸ್ ಬರುವುದಿಲ್ಲ.

ಕೇಸ್ ಇರುವ ಹುಡುಗರಿಗೆ ಇನ್ನೊಂದು ಕೆಟ್ಟ ಸಲಹೆ ಸಿಗುತ್ತದೆ. "ಫಾರಂನಲ್ಲಿ ಇಲ್ಲ ಅಂತ ಬರಿ, ಯಾರು ನೋಡ್ತಾರೆ?" ನೋಡುತ್ತಾರಪ್ಪ. ಪೊಲೀಸ್ ವೆರಿಫಿಕೇಷನ್ ಆಗೇ ಆಗುತ್ತದೆ, ಠಾಣೆಯ ದಾಖಲೆ ಈಗ ಕಂಪ್ಯೂಟರಿನಲ್ಲಿದೆ. ಸೇರುವಾಗ ಬೇಕಂತಲೇ ಸುಳ್ಳು ಉತ್ತರ ಕೊಟ್ಟರೆ 1950ರ ಸೇನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. ಸಣ್ಣ ಕೇಸ್ ಒಂದಿತ್ತು, ಸುಳ್ಳು ಹೇಳಿ ದೊಡ್ಡದೊಂದನ್ನು ಮೈಮೇಲೆ ಎಳೆದುಕೊಂಡ ಹಾಗಾಯಿತು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯ ವಿವರವಾಗಿ ನೋಡಿತು. ಕೇಸ್ ಬಗ್ಗೆ ಕೇಳಿದರೆ ನಿಜ ಹೇಳಬೇಕು, ಆಮೇಲೆ ಕೇಸ್ ಎಂಥದ್ದು ಅಂತ ಕೆಲಸ ಕೊಡುವವರು ತೂಗಿ ನೋಡಬಹುದು ಅಂತ ಹೇಳಿತು. ನಿಜ ಹೇಳಿದರೂ ತಗೊಳ್ಳಲೇಬೇಕು ಅಂತಿಲ್ಲ. ಅದು ಕಹಿ, ಆದರೂ ನಿಜವನ್ನೇ ಬರೆಯಿರಿ.

"ತಪ್ಪಾಯ್ತು ಅಂತ ಒಪ್ಪಿ ದಂಡ ಕಟ್ಟು, ಮುಗೀತದೆ" ಅನ್ನುವವರನ್ನಂತೂ ನಂಬಬೇಡಿ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆ ಆದ ಲೆಕ್ಕ. ಇಸ್ಪೀಟ್ ಕೇಸಿಗೆ ದಂಡ ಕಟ್ಟಿ ಬಂದವರಿಗೆ ಇದು ಗೊತ್ತೇ ಇರುವುದಿಲ್ಲ. ಬೈದದ್ದು, ಕೈಯಲ್ಲಿ ಹೊಡೆದದ್ದು, ಬೆದರಿಸಿದ್ದು, ಇಂಥ ಸೆಕ್ಷನ್‌ಗಳಲ್ಲಿ ರಾಜಿಗೆ ದಾರಿ ಇದೆ. ಕೋರ್ಟ್ ಮುಂದೆ ರಾಜಿ ಆದರೆ ಕಾನೂನಿನಲ್ಲಿ ಅದು ಖುಲಾಸೆಯೇ. ರಾಜಿಗೆ ಬಾರದ ಸೆಕ್ಷನ್ ಇದ್ದರೆ ಎಫ್‌ಐಆರ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಅರ್ಜಿ ಹಾಕಬೇಕು. ವಕೀಲರ ಫೀಸ್ ಕೊಡಲಾಗದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಘಟನೆ ಆದಾಗ ಹುಡುಗನಿಗೆ 18 ತುಂಬಿರಲಿಲ್ಲ ಅಂದರೆ ವಕೀಲರಿಗೆ ಅದನ್ನೇ ಮೊದಲು ಹೇಳಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಂಥವರಿಗೆ ರಕ್ಷಣೆ ಇದೆ.

ನಿಜವಾಗಿ ಮಚ್ಚು ಹಿಡಿದವನ ಪರ ನಾನು ಮಾತಾಡುತ್ತಿಲ್ಲ. ಅಂಥವನ ಕೈಗೆ ಬಂದೂಕು ಕೊಡುವ ಮೊದಲು ಸೇನೆ ಹತ್ತು ಸಲ ಯೋಚಿಸಲೇಬೇಕು.

ನಮ್ಮೂರ ಎರಡೂ ಮನೆಯವರು ಇದನ್ನು ಓದುತ್ತೀರಿ ಅಂತ ಗೊತ್ತು. ಬದು ಎಲ್ಲಿ ಅಂತ ಸರ್ವೆಯವರು ಹೇಳಲಿ, ಅದಕ್ಕೆ ಬೇಕಾದರೆ ಇನ್ನೂ ಹತ್ತು ವರ್ಷ ಸಿವಿಲ್ ಕೋರ್ಟಿಗೆ ಅಲೆಯಿರಿ. ಆದರೆ ಮುಂದಿನ ಲೋಕ್ ಅದಾಲತ್‌ಗೆ ಎರಡೂ ಕಡೆಯವರು ಬಂದು, ಆ ಇಬ್ಬರು ಹುಡುಗರ ಕೇಸಿಗೆ ರಾಜಿ ಸಹಿ ಹಾಕಿ. ವಕೀಲರನ್ನು ನಾನು ಮಾತಾಡಿಸಿದ್ದೇನೆ.